ಕಡ್ಡಿ ಹೇಳಿದಷ್ಟು ದೂರ

ಜೀಪಿನ ಪೆಟ್ರೋಲ್ ಮುಳ್ಳು ನಾನು ಕೆಲಸಕ್ಕೆ ಸೇರುವ ಮೊದಲೇ ಸತ್ತಿತ್ತು. ಟ್ಯಾಂಕು ತುಂಬಿದ್ದರೂ ಒಣಗಿದ್ದರೂ ಅದು ಎಡಮೂಲೆಯಲ್ಲಿ ಬಿದ್ದುಕೊಂಡೇ ಇರುತ್ತಿತ್ತು. ರಿಪೇರಿ ಮಾಡಿಸಿಕೊಡಿ ಎಂದು ನನ್ನ ಹಿಂದಿನ ಡಾಕ್ಟರು ಬರೆದ ಕಾಗದಗಳು ಫೈಲಿನಲ್ಲಿದ್ದವು. ನಾನೂ ಎರಡು ಬರೆದೆ, ಆಮೇಲೆ ಬಿಟ್ಟೆ. ಮುಳ್ಳಿನ ಕೆಲಸವನ್ನು ಆ ಜೀಪಿನ ಡ್ರೈವರು ಮಾಡುತ್ತಿದ್ದರು. ಮುಳ್ಳಿಗಿಂತ ಚೆನ್ನಾಗಿಯೇ ಮಾಡುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಕಳೆದ ತಿಂಗಳು ತಲುಪಿತು. ನಮ್ಮ ಹಳೆಯ ಕಾಂಪೌಂಡರು ಫೋನ್ ಮಾಡಿ, ತಮ್ಮ ಮಂಡಿನೋವು, ಮೊಮ್ಮಗಳ ಮದುವೆ ಎಲ್ಲ ಹೇಳಿ ಮುಗಿಸಿ, ಫೋನ್ ಇಡುವ ಹೊತ್ತಿಗೆ, ‘ನಮ್ಮ ಡ್ರೈವರಣ್ಣ ಹೋದ್ರಂತೆ ಸಾರ್’ ಎಂದರು. ತುಂಬ ವಯಸ್ಸಾಗಿತ್ತು, ಹಾಸಿಗೆ ಹಿಡಿಯದೆ ಹೋದರಂತೆ. ನನಗೆ ಅಳು ಬರಲಿಲ್ಲ. ಅವರನ್ನು ಕಂಡೇ ಎಷ್ಟೋ ವರ್ಷಗಳಾಗಿದ್ದವು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಒಮ್ಮೆ ಬರೆಯಬಾರದ ಜಾಗದಲ್ಲಿ ಬಿದ್ದಿತ್ತು. ಅಷ್ಟು ಸಾಕು.

ಎಪ್ಪತ್ತರ ದಶಕದ ನಡುಭಾಗದಲ್ಲಿ ನಾನು ಚನ್ನಗಿರಿಗೆ ಪಶುವೈದ್ಯನಾಗಿ ಬಂದೆ. ಜನರ ಬಾಯಲ್ಲಿ ದನದ ಡಾಕ್ಟ್ರು. ಕಚೇರಿಗೆ ಒಂದೇ ಜೀಪು. ಚನ್ನಗಿರಿಯ ಸುತ್ತು ಮುಗಿಸಿ, ಹೊನ್ನಾಳಿಯವರಿಗೆ ಗಾಡಿ ಇಲ್ಲದ್ದರಿಂದ ಅವರ ಕಡೆಗೂ ಅದೇ ಹೋಗಬೇಕಿತ್ತು. ಹೊನ್ನಾಳಿ ಅಂದರೆ ನ್ಯಾಮತಿಯೂ ಸೇರಿತು. ಮೊದಲ ದಿನ ಜೀಪಿನ ಹತ್ತಿರ ಹೋದಾಗ ಬಾನೆಟ್ಟಿನ ಮೇಲೆ ಒಂದು ಕೈಯಿಟ್ಟು ನಿಂತಿದ್ದ ಕುಳ್ಳ ಮನುಷ್ಯ ನನಗೆ ನಮಸ್ಕಾರ ಮಾಡಿದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಹೆಗಲ ಮೇಲೆ ಟವೆಲು. ಹೆಂಡತಿ ತಂಬಿಗೆಯಲ್ಲಿ ಕೆಂಡ ತುಂಬಿ ಇಸ್ತ್ರಿ ತಿಕ್ಕಿ ಕೊಟ್ಟ ಖಾಕಿ ಅಂಗಿಯ ಮೇಲೆ ತಂಬಿಗೆಯ ತಳದ ದುಂಡು ಗುರುತು ಕಾಣುತ್ತಿತ್ತು. ನನಗಿಂತ ಇಪ್ಪತ್ತು ಇಪ್ಪತ್ತೈದು ವರ್ಷ ದೊಡ್ಡವರು. ‘ಎಲ್ಲಿಗ್ರೀ ಡಾಕ್ಟ್ರೇ?’ ಎಂದರು. ನಾನು ಊರಿನ ಹೆಸರು ಹೇಳಿದೆ. ‘ಇರ್ರಿ, ಕೇಳಿ ಹೇಳ್ತೀನಿ’ ಎಂದರು. ಯಾರನ್ನು ಕೇಳುತ್ತಾರೆ ಎಂದು ನಾನು ಅತ್ತಿತ್ತ ನೋಡಿದೆ.

ಅವರು ಕೇಳಿದ್ದು ಕಡ್ಡಿಯನ್ನು. ಡ್ರೈವರ್ ಸೀಟಿನ ಹಿಂದೆ, ಹಳೆಯ ಬನಿಯನ್ನಿನ ಬಟ್ಟೆಯಲ್ಲಿ ಸುತ್ತಿ, ಒಂದು ಮೊಳದಷ್ಟು ಉದ್ದದ ಅಡಿಕೆ ದಬ್ಬೆಯ ಸೀಳನ್ನು ಇಟ್ಟಿದ್ದರು. ಕೈಯಾಡಿ ಆಡಿ ಅದು ನುಣ್ಣಗಾಗಿತ್ತು. ಅದನ್ನು ಹೊರಗೆ ತೆಗೆದು ಟವೆಲಿನಿಂದ ಒರೆಸಿದರು. ಜೇಬಿನಿಂದ ವಿಭೂತಿಗಟ್ಟಿ ತೆಗೆದು, ಕಡ್ಡಿಯ ತುದಿಯಿಂದ ಮೇಲಕ್ಕೆ ಒಂದೇ ಸಮ ತಿಕ್ಕಿ ಬೆಳ್ಳಗೆ ಮಾಡಿದರು. ಆಮೇಲೆ ಸೀಟು ಎತ್ತಿ, ಕೆಳಗಿನ ಟ್ಯಾಂಕಿನ ಮುಚ್ಚಳ ತಿರುಗಿಸಿ, ಕಡ್ಡಿಯನ್ನು ನೇರವಾಗಿ ಇಳಿಬಿಟ್ಟು, ತಳ ಮುಟ್ಟಿದ ಕೂಡಲೇ ಎತ್ತಿ ಕಣ್ಣಿನ ಹತ್ತಿರ ಹಿಡಿದು, ‘ಹೊನ್ನಾಳಿ’ ಎಂದರು.

‘ಹೊನ್ನಾಳಿ ಅಂದರೆ?’

‘ಹೊನ್ನಾಳಿಗೆ ಹೋಗಿ ಬರಾಕೆ ಆಗ್ತೈತೆ. ನೀವು ಹೇಳಿದ ಊರು ಈಚೆಗೇ ಐತೆ. ಹತ್ರಿ.’

ಆ ಕಡ್ಡಿಯಲ್ಲಿ ಲೀಟರುಗಳಿರಲಿಲ್ಲ. ಚಾಕುವಿನಿಂದ ಕೊರೆದ ನಾಲ್ಕು ಗೀರುಗಳಿದ್ದವು. ಎಲ್ಲಕ್ಕಿಂತ ಕೆಳಗಿನದು ನಲ್ಲೂರು, ಅದರ ಮೇಲೆ ಹೊನ್ನಾಳಿ, ಅದರ ಮೇಲೆ ಗೋವಿನಕೋವಿ, ಎಲ್ಲಕ್ಕಿಂತ ಮೇಲೆ ಸೂರಗೊಂಡನಕೊಪ್ಪ. ಗೀರಿನ ಪಕ್ಕದಲ್ಲಿ ಹೆಸರೇನೂ ಬರೆದಿರಲಿಲ್ಲ. ಅವರಿಗೆ ಗೊತ್ತಿತ್ತು, ಅಷ್ಟೇ. ನಲ್ಲೂರಿನ ಗೀರಿಗೂ ಕಡ್ಡಿಯ ತುದಿಗೂ ನಡುವೆ ಒಂದೂವರೆ ಬೆರಳಿನಷ್ಟು ಜಾಗವಿತ್ತು. ‘ಇದು ಯಾವ ಊರು?’ ಎಂದು ಒಮ್ಮೆ ಕೇಳಿದೆ. ‘ಅದು ಊರಲ್ರೀ. ಅದು ದೇವರ ಹೊಲ. ಅಲ್ಲಿ ನಾವು ಬಿತ್ತಂಗಿಲ್ಲ’ ಎಂದರು. ಬಿತ್ತುವುದಿಲ್ಲ ಎಂದರೂ ತಿಂಗಳ ಕೊನೆಯಲ್ಲಿ ಬೆಳೆ ತೆಗೆಯುತ್ತಿದ್ದುದು ಆ ಹೊಲದಲ್ಲೇ.

ಏಕೆಂದರೆ ಆಗ ಪೆಟ್ರೋಲಿಗೆ ಬಿಗಿ ಬಂದಿತ್ತು. ಕಚೇರಿಗೆ ತಿಂಗಳಿಗೆ ಇಷ್ಟೇ ಎಂದು ಕೂಪನ್ನು ಬರುತ್ತಿತ್ತು. ದನಗಳಿಗೆ ಆ ಕೋಟಾ ತಿಳಿಯುತ್ತಿರಲಿಲ್ಲ. ಅವು ಇಪ್ಪತ್ತೈದನೇ ತಾರೀಖಿಗೂ ಜ್ವರ ಬಂದು ಮಲಗುತ್ತಿದ್ದವು. ತಿಂಗಳ ಮೊದಲ ವಾರ, ಟ್ಯಾಂಕು ತುಂಬಿದ್ದಾಗ, ನಮ್ಮ ಡ್ರೈವರು ಮಂಕಾಗಿರುತ್ತಿದ್ದರು. ಗುಂಡಿ ನೋಡದೆ ಇಳಿಸುತ್ತಿದ್ದರು, ಆಕಳಿಸುತ್ತಿದ್ದರು. ಇಪ್ಪತ್ತು ದಾಟಿತೋ, ಮನುಷ್ಯ ಚುರುಕಾದರು. ಬೆನ್ನು ನೆಟ್ಟಗಾಗುತ್ತಿತ್ತು. ಕಿವಿ ಎಂಜಿನ್ನಿನ ಕಡೆಗೆ ವಾಲುತ್ತಿತ್ತು. ‘ತುಂಬಿದ ಟ್ಯಾಂಕು ಯಾರು ಬೇಕಾದ್ರೂ ಓಡಿಸ್ತಾರೆ’ ಎನ್ನುವುದು ಅವರ ಮಾತು.

ಇಳಿಜಾರು ಬಂದರೆ ಎಂಜಿನ್ ಬಂದ್. ಚನ್ನಗಿರಿಯಿಂದ ತುಂಗಭದ್ರೆಯವರೆಗೆ ಎಲ್ಲೆಲ್ಲಿ ರಸ್ತೆ ತಗ್ಗುತ್ತದೆ, ಯಾವ ಹುಣಸೆಮರದ ಹತ್ತಿರ ಬಂದ್ ಮಾಡಿದರೆ ಯಾವ ಮೋರಿಯವರೆಗೆ ಉರುಳುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ನನ್ನ ಕಣ್ಣಿಗೆ ಸಪಾಟಾಗಿ ಕಾಣುವ ರಸ್ತೆಯಲ್ಲೂ ಅವರು ಇಳಿಜಾರು ಹುಡುಕುತ್ತಿದ್ದರು. ಟ್ಯಾಂಕು ದೇವರ ಹೊಲಕ್ಕೆ ಇಳಿದ ಮೇಲೆ ಜೀಪಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಒಂದು ಸಲ ಕಾಂಪೌಂಡರು ತಮ್ಮ ನಾದಿನಿಯ ಗಂಡನ ಕತೆ ತೆಗೆದಾಗ, ‘ಮಾತಾಡಿದ್ರೆ ತೂಕ ಜಾಸ್ತಿ ಆಗ್ತೈತೆ, ಸುಮ್ನಿರ್ರಿ’ ಎಂದರು. ಕಾಂಪೌಂಡರದು ದೊಡ್ಡ ಶರೀರ. ಏರು ಬಂದರೆ ಅವರು ಇಳಿದು ನಡೆಯಬೇಕಿತ್ತು. ಜೀಪು ಏರಿನ ತುದಿಯಲ್ಲಿ ಕಾಯುತ್ತಿತ್ತು; ಅವರು ಬುಸುಗುಡುತ್ತ ಬಂದು ಹತ್ತಿ, ‘ಸರ್ಕಾರದ ಜೀಪಿಗೆ ನಾನೇ ಪೆಟ್ರೋಲು’ ಎನ್ನುತ್ತಿದ್ದರು.

ಸೂರಗೊಂಡನಕೊಪ್ಪದಿಂದ ವಾಪಸು ಬರುವಾಗ ನಡೆದದ್ದನ್ನು ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ದನಗಳಿಗೆ ಚುಚ್ಚುಮದ್ದು ಹಾಕಿ ಮುಗಿಸಿ ಹೊರಟಿದ್ದೆವು. ಒಂದು ಏರಿನ ಮಧ್ಯೆ ಎಂಜಿನ್ನು ಕೆಮ್ಮಿತು. ಅವರು ತಕ್ಷಣ ಜೀಪನ್ನು ಹಿಂದಕ್ಕೆ ಉರುಳಿಸಿ, ಸಮತಟ್ಟಿನಲ್ಲಿ ಪೂರ್ತಿ ತಿರುಗಿಸಿ, ಅದರ ಮುಖವನ್ನು ನಾವು ಬಂದ ದಿಕ್ಕಿಗೆ ಮಾಡಿದರು. ಕಾಂಪೌಂಡರು, ‘ಇವತ್ತು ಇಲ್ಲೇ ವಸ್ತಿ ಏನ್ರೀ?’ ಎಂದು ಗಾಬರಿಯಾದರು. ಡ್ರೈವರು ಕತ್ತು ಹೊರಳಿಸಿ, ರಿವರ್ಸ್ ಗೇರು ಹಾಕಿ, ಆ ಏರನ್ನು ಹಿಂದೆ ಹಿಂದೆ ಹತ್ತಿಸಿಬಿಟ್ಟರು. ಹೊಲದಲ್ಲಿದ್ದವರು ಕೆಲಸ ಬಿಟ್ಟು ನಿಂತು ನೋಡಿದರು. ಮೇಲೆ ಬಂದ ಮೇಲೆ ಅವರು ಕೊಟ್ಟ ವಿವರಣೆ ಇಷ್ಟೇ: ‘ಎಂಜಿನ್ನು ಕುಡಿಯೋ ಕೊಳವೆ ಟ್ಯಾಂಕಿನ ಮುಂದ್ಗಡೆ ಐತೆ. ಏರಿನಾಗೆ ಇರೋ ಚೂರು ಎಣ್ಣೆ ಹಿಂದಕ್ಕೆ ಹೋಗ್ತೈತೆ. ಬಾಯಿ ಒಂದ್ಕಡೆ, ಗಂಗಾಳ ಒಂದ್ಕಡೆ ಆದ್ರೆ ಉಣ್ಣೋದು ಹೆಂಗೆ? ಅದ್ಕೆ ತಿರುಗಿಸಿ ಕುಂಡ್ರಿಸಿದೆ.’ ಓದಿದವನು ನಾನು, ನನಗಿದು ಹೊಳೆದಿರಲಿಲ್ಲ.

ಕಡ್ಡಿಯ ವಿಷಯದಲ್ಲಿ ಮಾತ್ರ ನಾನು ಅವರನ್ನು ಕೆಣಕುತ್ತಿದ್ದೆ. ಆಗ ನನಗೆ ಮೂವತ್ತು ತುಂಬಿರಲಿಲ್ಲ. ವಿಜ್ಞಾನ ಓದಿದ್ದ ಹಮ್ಮು ಹೊಸ ಚಪ್ಪಲಿಯಷ್ಟು ಸದ್ದು ಮಾಡುತ್ತಿತ್ತು. ಅಳೆಯುವ ಕಡ್ಡಿಗೆ ವಿಭೂತಿ ಯಾಕೆ? ಹಳ್ಳಿಗಳಲ್ಲಿ ಅವರು ಕಡ್ಡಿ ತೆಗೆದರೆ ನಿಂತ ಜನ ಕೈಮುಗಿಯುತ್ತಿದ್ದರು. ನಲ್ಲೂರಿನ ಒಬ್ಬ ಯಜಮಾನರು ಅದನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಮುಳ್ಳು ಸತ್ತ ಜೀಪು ಶಿವನ ದಯೆಯಿಂದ ಓಡುತ್ತದೆ ಎಂದು ಸುತ್ತಮುತ್ತ ಮಾತಿತ್ತು. ಅವರು ಅದನ್ನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

‘ಡ್ರೈವರ್ರೇ, ಇವತ್ತು ಶಿವ ಎಷ್ಟು ಲೀಟರ್ ಅಂತಾನೆ?’ ಎಂದು ನಾನು ಕೇಳುತ್ತಿದ್ದೆ.

‘ಶಿವ ಲೀಟರ್ ಹೇಳಲ್ರೀ. ಊರು ಹೇಳ್ತಾನೆ’ ಎನ್ನುತ್ತಿದ್ದರು, ನಗದೆ.

ಅವರ ಮನೆಗೆ ಒಂದೆರಡು ಸಲ ಊಟಕ್ಕೆ ಹೋಗಿದ್ದೆ. ಅವರ ಹೆಂಡತಿ ರೊಟ್ಟಿ ಬಡಿಸುತ್ತ, ‘ನಿಮ್ಮ ಜೀಪಿಗೆ ಅಷ್ಟೇ ಅಲ್ರೀ, ನನ್ನ ಸೀಮೆಎಣ್ಣೆ ಡಬ್ಬಕ್ಕೂ ಕಡ್ಡಿ ಇಳಿಸ್ತಾರೆ. ಇನ್ನ ನಾಲ್ಕು ದಿವ್ಸದ ರೊಟ್ಟಿ ಐತೆ ಅಂತಾರೆ. ಐದನೇ ದಿವ್ಸ ಒಲೆ ಆರಿದ್ರೆ ಕೇಳ್ರಿ’ ಎಂದರು. ದೂರಿನ ಹಾಗೆ ಶುರುವಾದ ಮಾತು ಮುಗಿಯುವ ಹೊತ್ತಿಗೆ ಹೆಮ್ಮೆಯಾಗಿತ್ತು.

ಈ ಎಲ್ಲದರ ಹಿಂದೆ ಅವರಿಗೊಂದು ಪಣವಿತ್ತು. ಜೀಪಿನ ಲಾಗ್ ಪುಸ್ತಕದಲ್ಲಿ ‘ದಾರಿಯಲ್ಲಿ ನಿಂತಿದ್ದರೆ ಕಾರಣ’ ಎಂದು ಒಂದು ಕಾಲಮ್ಮಿತ್ತು. ಅವರು ಆ ಜೀಪಿಗೆ ಬಂದಂದಿನಿಂದ ಆ ಕಾಲಮ್ಮಿನಲ್ಲಿ ಬರೀ ಅಡ್ಡಗೆರೆ. ಪ್ರತಿ ದಿನ ಸಂಜೆ, ಉಳಿದ ಕಾಲಮ್ಮುಗಳನ್ನು ಗೀಚಿದ ಹಾಗೆ ತುಂಬಿ, ಆ ಅಡ್ಡಗೆರೆಯನ್ನು ಮಾತ್ರ ಸ್ಕೇಲು ಇಟ್ಟು ಎಳೆಯುತ್ತಿದ್ದರು. ಹಳೆಯ ಪುಸ್ತಕ ಮುಗಿದರೆ ಬಿಸಾಡದೆ ಕಟ್ಟಿ ಇಡುತ್ತಿದ್ದರು. ‘ರಿಟೈರಾಗೋ ದಿವ್ಸ ನಾನೇ ಓಡಿಸ್ಕೊಂಡು ಬಂದು, ಕಚೇರಿ ಮುಂದೆ ನಿಲ್ಲಿಸಿ, ಕೀಲಿಕೈ ನಿಮ್ಮ ಕೈಯಾಗೆ ಇಡ್ತೀನಿ. ಅಲ್ಲೀಮಟ ಗೆರೆ ತುಂಡಾಗಬಾರ್ದು, ಅಷ್ಟೇ ನಂದು’ ಎಂದು ಒಮ್ಮೆ ಹೇಳಿದರು. ಬೇರೆ ಯಾವ ಆಸೆಯನ್ನೂ ಅವರು ನನ್ನ ಮುಂದೆ ಆಡಿದ್ದು ನೆನಪಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ನನಗೂ ಕಾಂಪೌಂಡರಿಗೂ ಜಗಳೂರಿಗೆ ವರ್ಗವಾಯಿತು. ವರ್ಷದೊಳಗೆ ಜೀಪಿಗೂ ಅಲ್ಲಿಗೇ ವರ್ಗವಾಯಿತು. ಜೀಪಿನ ಜೊತೆಗೆ ಅವರೂ ಬಂದರು. ಆರ್ಡರಿನಲ್ಲಿ ಮೊದಲು ಜೀಪಿನ ನಂಬರು, ಆಮೇಲೆ ಅವರ ಹೆಸರು ಇತ್ತು. ಅದರಲ್ಲಿ ಅವರಿಗೇನೂ ತಪ್ಪು ಕಾಣಲಿಲ್ಲ.

ಜಗಳೂರು ಬೇರೆ ಸೀಮೆ. ಬಯಲು, ಜಾಲಿ, ದೂರ ದೂರದ ಹಟ್ಟಿಗಳು, ಕುರಿ, ದನ. ಉರುಳಿಸಿಕೊಂಡು ಹೋಗಲು ಇಳಿಜಾರುಗಳೂ ಕಡಿಮೆ. ‘ಈಗಲಾದರೂ ಕಡ್ಡಿಯ ಮೇಲೆ ಈ ಕಡೆಯ ಊರು ಕೊರೆಯಿರಿ’ ಎಂದೆ. ಅವರು ಒಪ್ಪಲಿಲ್ಲ. ‘ಊರು ಬದಲಾದ್ರೆ ನಲ್ಲೂರು ಬದಲಾಗ್ತೈತೇನ್ರೀ?’ ಎಂದರು. ಹೀಗಾಗಿ ಜಗಳೂರಿನ ಬಯಲಿನಲ್ಲಿ ನಿಂತು ನಾವು ‘ಇವತ್ತಿನ ಹಟ್ಟಿ ಗೋವಿನಕೋವಿಯಷ್ಟು ಆಗುತ್ತದೆ’, ‘ನಾಳೆಯದು ನಲ್ಲೂರಿಗಿಂತ ಚೂರು ಕಮ್ಮಿ’ ಎಂದು ಮಾತಾಡುತ್ತಿದ್ದೆವು. ಕೇಳಿದವರಿಗೆ ನಮ್ಮ ತಲೆ ಕೆಟ್ಟಿದೆ ಅನ್ನಿಸಿರಬೇಕು. ನಾನೂ ಆ ಭಾಷೆ ಕಲಿತುಬಿಟ್ಟಿದ್ದೆ. ಕಡ್ಡಿ ಓದುವುದನ್ನೂ ಕಲಿತಿದ್ದೇನೆ ಎಂದುಕೊಂಡಿದ್ದೆ.

ಅವರ ನಿವೃತ್ತಿಗೆ ಒಂದು ವರ್ಷಕ್ಕಿಂತ ಕಡಿಮೆ ಉಳಿದಿತ್ತು. ಬೇಸಿಗೆ. ಒಂದು ಹಟ್ಟಿಯಲ್ಲಿ ದನಗಳಿಗೆ ದೊಡ್ಡರೋಗ ಕಾಣಿಸಿದೆ ಎಂದು ಸುದ್ದಿ ಬಂತು. ಅದು ಹೊಕ್ಕರೆ ಕೊಟ್ಟಿಗೆಗಳು ಖಾಲಿಯಾಗುವ ರೋಗ. ಇನ್ನೂ ಅಂಟದ ದನಗಳಿಗೆ ಆವತ್ತೇ ಲಸಿಕೆ ಹಾಕಬೇಕಿತ್ತು. ದಾವಣಗೆರೆಯಿಂದ ಬೆಳಗಿನ ಬಸ್ಸಿನಲ್ಲಿ ಮಂಜುಗಡ್ಡೆ ತುಂಬಿದ ದೊಡ್ಡ ಫ್ಲಾಸ್ಕಿನಲ್ಲಿ ಲಸಿಕೆ ಬಂದಿಳಿಯಿತು. ಮಂಜು ಕರಗಿ ಬಿಸಿಯಾದರೆ ಅದು ನೀರಿಗೆ ಸಮ. ಮಧ್ಯಾಹ್ನದವರೆಗೆ ತಡೆಯಬಹುದು ಎಂದು ನನ್ನ ಲೆಕ್ಕ.

ಊರಿನ ಬಂಕಿನಲ್ಲಿ ಎರಡು ದಿನದಿಂದ ಪೆಟ್ರೋಲು ಇರಲಿಲ್ಲ. ಜೀಪಿನಲ್ಲಿ ಇದ್ದಷ್ಟೇ. ಎಷ್ಟಿದೆ ಎನ್ನುವುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಡ್ರೈವರು ಮೂರು ದಿನ ರಜೆಯ ಮೇಲೆ ಚನ್ನಗಿರಿಗೆ ಹೋಗಿ ಆಗತಾನೇ ವಾಪಸು ಬಂದಿದ್ದರು. ನಡುವೆ ಬದಲಿ ಡ್ರೈವರು ಒಬ್ಬ ಜೀಪು ಓಡಿಸಿದ್ದ. ಇನ್ನೊಂದು ದಾರಿಯೂ ಇತ್ತು. ಆ ಹಟ್ಟಿಯ ಕಡೆಗೆ ಹೋಗುವ ಒಂದು ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಅದು ಹಟ್ಟಿಯಿಂದ ಒಂದು ಮೈಲಿ ದೂರದಲ್ಲಿ ಇಳಿಸುತ್ತಿತ್ತು. ಅದು ಬಿಟ್ಟರೆ ಸಂಜೆಯವರೆಗೆ ಬೇರೆ ಇಲ್ಲ. ಕಾಂಪೌಂಡರನ್ನು ಕಂಡಕ್ಟರ್ ಹತ್ತಿರ ನಿಲ್ಲಿಸಿ ನಾನು ಡ್ರೈವರ ಮನೆಗೆ ಓಡಿದೆ. ಜೀಪು ಅವರ ಮನೆಯ ಮುಂದೆಯೇ ಇತ್ತು.

ಅವರು ಸ್ನಾನ ಮಾಡಿ ಪೂಜೆಗೆ ಕೂತಿದ್ದರು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಮುಗಿಯುವವರೆಗೆ ಮಾತಿಲ್ಲ, ಏಳುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ನಿಯಮ. ಅವರ ಹೆಂಡತಿ ಬಾಗಿಲಲ್ಲಿ ನಿಂತು, ‘ಇನ್ನ ಕಾಲು ಗಂಟೆ ಆಗ್ತೈತ್ರೀ’ ಎಂದರು. ನಿಲ್ದಾಣದಲ್ಲಿ ಬಸ್ಸು ಹಾರನ್ ಹೊಡೆಯುತ್ತಿತ್ತು. ನನಗೆ ಕಾಲು ಗಂಟೆ ಇರಲಿಲ್ಲ. ಸೀಟಿನ ಹಿಂದಿನಿಂದ ಕಡ್ಡಿ ತೆಗೆದೆ. ಬಟ್ಟೆ ಬಿಚ್ಚಿದೆ. ಒರೆಸಲಿಲ್ಲ. ವಿಭೂತಿ ಹಚ್ಚಲಿಲ್ಲ. ಪೂಜೆ ಮಾಡಲು ಒಳಗೊಬ್ಬರು ಕೂತಿದ್ದಾರಲ್ಲ, ಸಾಕು ಎಂದು ಮನಸ್ಸಿನಲ್ಲೇ ನಕ್ಕಿದ್ದೂ ನೆನಪಿದೆ. ಟ್ಯಾಂಕಿಗೆ ಅದ್ದಿ, ಮೇಲೆತ್ತಿ, ಬಿಸಿಲಿಗೆ ಹಿಡಿದು ನೋಡಿದೆ. ಕೆಂಪಗಿನ ಪಟ್ಟೆ ಹೊನ್ನಾಳಿಯ ಗೀರನ್ನು ದಾಟಿ ನಿಂತಿತ್ತು. ಹಟ್ಟಿಗೆ ಹೋಗಿ ಬರಲು ಹೊನ್ನಾಳಿ ಧಾರಾಳವಾಗಿ ಸಾಕು.

‘ಹೊನ್ನಾಳಿ!’ ಎಂದು ಬಾಗಿಲ ಕಡೆಗೆ ಕೂಗಿದೆ. ಬಸ್ಸು ಹೋಗಲಿ ಎಂದು ಹೇಳಿಕಳಿಸಿದೆ.

ಪೂಜೆ ಮುಗಿಸಿ ಬಂದವರು, ‘ನೀವೇ ನೋಡಿದ್ರಾ?’ ಎಂದು ಕೇಳಿದರು. ಹೌದೆಂದೆ. ಅವರ ಕೈ ಸೀಟಿನ ಹಿಂದಕ್ಕೆ ಹೋಯಿತು, ಕಡ್ಡಿಯ ಮೇಲೆ ಒಂದು ಗಳಿಗೆ ನಿಂತಿತು, ವಾಪಸು ಬಂತು. ಡಾಕ್ಟರು ನೋಡಿ ಹೇಳಿದ್ದನ್ನು ನನ್ನ ಕಣ್ಣೆದುರಿಗೇ ಮತ್ತೆ ಅಳೆಯುವುದು ಅವರ ಲೆಕ್ಕದಲ್ಲಿ ಮರ್ಯಾದೆಯಲ್ಲ. ಚಾವಿ ತಿರುಗಿಸಿದರು. ಕಾಂಪೌಂಡರನ್ನು ಆಸ್ಪತ್ರೆಯಲ್ಲೇ ಬಿಟ್ಟು ಇಬ್ಬರೇ ಹೊರಟೆವು.

ಏಳೆಂಟು ಕಿಲೋಮೀಟರ್ ಹೋದ ಮೇಲೆ ಅವರ ಕಿವಿ ವಾಲಿತು. ವೇಗ ಇಳಿಸಿದರು. ‘ಹೊನ್ನಾಳಿ ಅಂದ್ರಲ್ರೀ?’ ಎಂದರು. ‘ಹೊನ್ನಾಳಿಗಿಂತ ಚೂರು ಮೇಲೆಯೇ’ ಎಂದೆ. ಅವರು ತಲೆಯಾಡಿಸಿದರು. ಇಳಿಜಾರಲ್ಲದ ಕಡೆಯೂ ಎಂಜಿನ್ ಬಂದ್ ಮಾಡಿ ಉರುಳಿಸಿದರು. ನಾನು ಏನೋ ಹೇಳಹೊರಟೆ. ಅವರು ಕೈಯೆತ್ತಿ ಸುಮ್ಮನಿರಿಸಿದರು. ದೇವರ ಹೊಲದಲ್ಲಿ ಇದ್ದೇವೆ ಎಂದು ಅವರಿಗೆ ಆಗಲೇ ಗೊತ್ತಾಗಿರಬೇಕು. ಹಟ್ಟಿಗೆ ಇನ್ನೂ ಐದಾರು ಕಿಲೋಮೀಟರ್ ಇರುವಾಗ, ಎರಡು ಕಡೆ ಜಾಲಿ ಬಿಟ್ಟು ಬೇರೇನೂ ಇಲ್ಲದ ಜಾಗದಲ್ಲಿ, ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು.

ಅವರು ಚಾವಿ ತಿರುಗಿಸಿ ಬಂದ್ ಮಾಡಿದರು. ಆಮೇಲೆ ಇಳಿದು ಕಡ್ಡಿ ತೆಗೆದರು. ಟವೆಲಿನಿಂದ ಒರೆಸಿದರು. ಒರೆಸುವ ಮೊದಲು ಅದನ್ನೊಮ್ಮೆ ತಿರುಗಿಸಿ ನೋಡಿದರು, ನಾನು ನೋಡುತ್ತಿದ್ದೆ. ಜೇಬಿನಿಂದ ವಿಭೂತಿಗಟ್ಟಿ ತೆಗೆದು ತುದಿಯಿಂದ ಮೇಲಕ್ಕೆ ತಿಕ್ಕಿ ಬೆಳ್ಳಗೆ ಮಾಡಿದರು. ಅದ್ದಿ ಎತ್ತಿದರು. ಬಿಳಿಯ ಮೇಲೆ ಒದ್ದೆ ಕಪ್ಪಾಗಿ, ಗೆರೆ ಎಳೆದ ಹಾಗೆ ಕಾಣಿಸಿತು. ತುದಿಯಲ್ಲಿ, ಒಂದು ಉಗುರಿನಷ್ಟು.

ಏಳೆಂಟು ವರ್ಷ ದಿನಾ ನೋಡಿದ್ದನ್ನು ನಾನು ಆಗ ಮೊದಲ ಸಲ ಕಂಡೆ. ಬೇಸಿಗೆಯ ಬಿಸಿಲಿನಲ್ಲಿ ಪೆಟ್ರೋಲು ಎತ್ತಿದ ಕ್ಷಣಕ್ಕೆ ಆರುತ್ತದೆ. ಬರಿಯ ಕಡ್ಡಿಯ ಮೇಲೆ ಒದ್ದೆ ಎಲ್ಲಿಯವರೆಗಿತ್ತು ಎಂದು ಕಾಣುವುದಿಲ್ಲ. ಉಳಿಯುವುದು ಆಗಿನ ಪೆಟ್ರೋಲಿನ ಕೆಂಪು ಬಣ್ಣದ ಕಲೆ, ಹಿಂದಿನ ಸಲದ್ದು. ನಾನು ಓದಿದ್ದು ಅವರು ರಜೆಗೆ ಹೋಗುವ ಮೊದಲಿನ ಹೊನ್ನಾಳಿಯನ್ನು. ವಿಭೂತಿ ಶಿವನಿಗಲ್ಲ, ಒದ್ದೆಗೆ. ಕಡ್ಡಿಯನ್ನು ಕಣ್ಣಿಗೊತ್ತಿಕೊಂಡ ನಲ್ಲೂರಿನ ಯಜಮಾನರಿಗೂ ನಕ್ಕ ನನಗೂ ಇದ್ದ ವ್ಯತ್ಯಾಸ ಇಷ್ಟೇ: ತಪ್ಪು ಒಂದೇ, ಅವರ ತಪ್ಪಿನಿಂದ ಜೀಪು ನಿಂತಿರಲಿಲ್ಲ.

ಹೇಳಬೇಕಿತ್ತು. ಬಾಯಿಗೆ ಬಂತು. ಅಷ್ಟರಲ್ಲಿ ಅವರು ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು, ‘ನಡೀರಿ ಡಾಕ್ಟ್ರೇ, ಬಿಸಿಲು ಏರ್ತೈತೆ’ ಎಂದು ಫ್ಲಾಸ್ಕನ್ನು ಹೆಗಲಿಗೆ ಏರಿಸಿದ್ದರು. ಕುಡಿಯಲು ತಂದಿದ್ದ ನೀರನ್ನೆಲ್ಲ ಟವೆಲಿಗೆ ಸುರಿದು ಫ್ಲಾಸ್ಕಿಗೆ ಸುತ್ತಿದರು. ಒಂದು ಗುಟುಕನ್ನೂ ಕುಡಿಯಲಿಲ್ಲ. ಸೂಜಿ ಸಿರಿಂಜಿನ ಚೀಲ ಹಿಡಿದು ನಾನು ಹಿಂದೆ ನಡೆದೆ. ದಾರಿಯಲ್ಲಿ ಸಿಕ್ಕ ಇಬ್ಬರು, ಎತ್ತು ಕಟ್ಟಿ ಜೀಪು ಎಳೆದುಕೊಂಡು ಬರುತ್ತೇವೆ ಎಂದರು. ರೋಗದ ಹಟ್ಟಿಗೆ ಎತ್ತು ತರಬೇಡಿ ಎಂದು ನಾನೇ ತಡೆದೆ. ನಾವು ತಲುಪಿದಾಗ ಮಂಜು ಕರಗಿ ನೀರಾಗಿತ್ತು. ನೀರು ತಣ್ಣಗಿದೆಯೋ ಬೆಚ್ಚಗಿದೆಯೋ ಎಂದು ಬೆರಳಿಟ್ಟು ನೋಡಿದೆ. ತಣ್ಣಗಿದೆ ಎಂದುಕೊಂಡು ಲಸಿಕೆ ಹಾಕಿದೆ.

ಆ ವಾರ ಹಟ್ಟಿಯಲ್ಲಿ ಲಸಿಕೆ ಹಾಕಿದ ದನಗಳೂ ಸತ್ತವು. ಲಸಿಕೆ ಕೆಟ್ಟಿತ್ತೋ, ರೋಗ ಅವುಗಳಿಗೆ ಮೊದಲೇ ಹೊಕ್ಕಿತ್ತೋ, ಇವತ್ತಿಗೂ ಹೇಳಲಾರೆ. ಬಸ್ಸಿನಲ್ಲಿ ಹೋಗಿದ್ದರೆ ಅನುಮಾನಕ್ಕೆ ಜಾಗವಿರುತ್ತಿರಲಿಲ್ಲ ಎನ್ನುವುದನ್ನು ಮಾತ್ರ ಹೇಳಬಲ್ಲೆ.

ಮರುದಿನ ಸೈಕಲ್ಲಿನ ಮೇಲೆ ಡಬ್ಬದಲ್ಲಿ ಪೆಟ್ರೋಲು ಕಳಿಸಿ ಜೀಪು ತರಿಸಿದ್ದಾಯಿತು. ಸಂಜೆ ಅವರು ಲಾಗ್ ಪುಸ್ತಕವನ್ನು ಸಹಿಗೆ ತಂದರು. ‘ದಾರಿಯಲ್ಲಿ ನಿಂತಿದ್ದರೆ ಕಾರಣ’ ಎಂಬಲ್ಲಿ, ಎಂದೂ ಇಲ್ಲದ ದುಂಡು ಅಕ್ಷರಗಳಲ್ಲಿ, ‘ಚಾಲಕನ ಅಂದಾಜು ತಪ್ಪಿತು’ ಎಂದು ಬರೆದು ಕೆಳಗೆ ತಮ್ಮ ಪೂರ್ತಿ ಹೆಸರು ಬರೆದಿದ್ದರು. ನಾನು ಓದಿದೆ. ಪೆನ್ನು ಕೈಯಲ್ಲಿತ್ತು. ‘ಡ್ರೈವರ್ರೇ...’ ಎಂದೆ.

‘ಹಾಕ್ರಿ ಸಾಹೇಬ್ರೆ’ ಎಂದರು. ಡಾಕ್ಟ್ರೇ ಎನ್ನುವವರು ಆವತ್ತು ಸಾಹೇಬ್ರೆ ಎಂದರು.

ನಾನು ಸಹಿ ಹಾಕಿದೆ.

ದನ ಸತ್ತ ದೂರು ಮೇಲಕ್ಕೆ ಹೋಯಿತು. ಮೇಲಿನ ಅಧಿಕಾರಿಗಳು ಬಂದು ಪುಸ್ತಕ ತೆಗೆಸಿ ನೋಡಿದರು. ಕಾರಣ ಬರೆದಿತ್ತು, ಹೆಸರಿತ್ತು, ನನ್ನ ಸಹಿಯಿತ್ತು. ಅವರಿಗೆ ಇನ್ನೇನು ಬೇಕು? ‘ಇಷ್ಟು ವಯಸ್ಸಾದವರಿಗೆ ಗಾಡಿ ಕೊಡಬಾರದು’ ಎಂದು ಆರ್ಡರಾಯಿತು. ನನ್ನನ್ನು, ‘ನೀವೇನಾದರೂ ಹೇಳುವುದಿದೆಯೇ?’ ಎಂದು ಅವರು ಕೇಳಿದ್ದರು. ಇಲ್ಲ ಎಂದಿದ್ದೆ. ಆಗ ನನಗೆ ಬಡ್ತಿಯ ಮಾತು ನಡೆದಿತ್ತು ಎಂದು ಈಗ ಕಾರಣ ಹುಡುಕಬಹುದು. ಆದರೆ ನಿಜ ಅದಲ್ಲ. ಅಡಿಕೆ ದಬ್ಬೆಯ ಕಡ್ಡಿಯನ್ನು ಓದಲು ಬರಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು.

ಕೊನೆಯ ಎಂಟು ತಿಂಗಳು ಅವರು ಆಸ್ಪತ್ರೆಯ ಜಗಲಿಯ ಮೇಲೆ ಸ್ಟೂಲು ಹಾಕಿಕೊಂಡು ಕೂತಿದ್ದರು. ರೈತರು ತಂದ ದನಗಳನ್ನು ಸಾಲಿಗೆ ನಿಲ್ಲಿಸುವುದು, ಚೀಟಿ ಕೊಡುವುದು. ಹೊಸ ಡ್ರೈವರು ಜೀಪು ಹೊರಡಿಸಿದಾಗ ಅವರ ಕಿವಿ ಅತ್ತ ವಾಲುತ್ತಿತ್ತು. ಒಂದು ದಿನವೂ ಆ ಡ್ರೈವರಿಗೆ ಬುದ್ಧಿ ಹೇಳಲಿಲ್ಲ. ನನ್ನ ಜೊತೆ ಮೊದಲಿನ ಹಾಗೆಯೇ ಮಾತಾಡುತ್ತಿದ್ದರು. ಅದೇ ನನಗೆ ಕಷ್ಟವಾಗುತ್ತಿತ್ತು. ಬೈದಿದ್ದರೆ ಹಗುರವಾಗುತ್ತಿದ್ದೆ.

ನಿವೃತ್ತಿಯ ದಿನ ಹಾರ, ಶಾಲು, ಕಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಕಾಂಪೌಂಡರು ಭಾಷಣದಲ್ಲಿ ಏರು ಹತ್ತಿದ ಕತೆಗಳನ್ನೆಲ್ಲ ಹೇಳಿ ನಗಿಸಿದರು. ಯಾರೋ, ‘ನಿಮ್ಮ ಗಾಡಿ ಒಂದು ಸಲಾನೂ ನಿಂತಿಲ್ಲಂತೆ ಹೌದಾ?’ ಎಂದು ಕೇಳಿದರು. ‘ಒಂದ್ಸಲ ನಿಂತೈತ್ರೀ’ ಎಂದರು ಅವರು. ‘ನಂದೇ ತಪ್ಪು. ನಾ ನೋಡ್ಬೇಕಿತ್ತು.’ ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ನನ್ನ ಕಡೆ ತಿರುಗಲಿಲ್ಲ. ನಾನು ಎದ್ದು ಮಾತಾಡುವ ಸರದಿ ಬಂದಾಗ, ‘ಇವರಂಥ ಪ್ರಾಮಾಣಿಕರು ಇಲಾಖೆಗೆ ಅಪರೂಪ’ ಎಂದೆ. ಚಪ್ಪಾಳೆ ಬಿತ್ತು.

ಎಲ್ಲರೂ ಹೋದ ಮೇಲೆ, ಜೀಪಿನಲ್ಲಿ ಬಸ್ ನಿಲ್ದಾಣದವರೆಗೆ ಬನ್ನಿ, ನೀವೇ ಓಡಿಸಿ ಎಂದು ಕೀಲಿಕೈ ಚಾಚಿದೆ. ‘ಆರ್ಡರ್ ಇಲ್ರೀ’ ಎಂದರು. ಜೀಪಿನ ಹತ್ತಿರ ಹೋಗಿ, ಸೀಟಿನ ಹಿಂದಿನಿಂದ ಬಟ್ಟೆಯಲ್ಲಿ ಸುತ್ತಿದ ಕಡ್ಡಿ ತೆಗೆದರು. ಜೇಬಿನಿಂದ ಸವೆದ ವಿಭೂತಿಗಟ್ಟಿ ತೆಗೆದು, ಅದನ್ನೂ ಅದೇ ಬಟ್ಟೆಯೊಳಗೆ ಇಟ್ಟು ಸುತ್ತಿ, ನನ್ನ ಕೈಯಲ್ಲಿಟ್ಟರು.

‘ಮೊದ್ಲು ಒರಸ್ರಿ’ ಎಂದರು. ‘ಆಮೇಲೆ ಹಚ್ರಿ. ಆಮೇಲ್ ನೋಡ್ರಿ, ಡಾಕ್ಟ್ರೇ.’

ಅವರಿಗೆ ಎಲ್ಲವೂ ಗೊತ್ತಿತ್ತು. ರಸ್ತೆಯ ಮೇಲೆ, ಒರೆಸುವ ಮೊದಲು ಆ ಕಡ್ಡಿಯನ್ನು ತಿರುಗಿಸಿ ನೋಡಿದರಲ್ಲ, ಆಗಲೇ ಗೊತ್ತಿತ್ತು. ಗೊತ್ತಿದ್ದೂ ದುಂಡು ಅಕ್ಷರದಲ್ಲಿ ತಮ್ಮ ಹೆಸರು ಬರೆದಿದ್ದರು. ಕೀಲಿಕೈ ಇಡಬೇಕೆಂದಿದ್ದ ನನ್ನ ಕೈಯಲ್ಲಿ ಕಡ್ಡಿ ಇಟ್ಟು ಚನ್ನಗಿರಿಯ ಬಸ್ಸು ಹತ್ತಿದರು.

ಆ ಲಾಗ್ ಪುಸ್ತಕವನ್ನು ಈ ಹೊತ್ತಿಗೆ ಗೆದ್ದಲು ತಿಂದಿರುತ್ತದೆ. ಇದ್ದಿದ್ದರೆ ಹುಡುಕಿಕೊಂಡು ಹೋಗಿ ಒಂದು ಸಾಲು ಹೊಡೆದುಹಾಕಿ ಬರುತ್ತಿದ್ದೆ. ಇಲ್ಲದಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ದಾರಿಯಲ್ಲಿ ನಿಂತಿದ್ದರೆ ಕಾರಣ: ಕಡ್ಡಿ ನೋಡಿದವರು ಡಾಕ್ಟರು. ಒರೆಸಿರಲಿಲ್ಲ.